ಸಾಂಬ್ರಾದಿಂದ ಸಾಗರದಾಚೆ: ಮೂರು ವಿಮಾನ ಬದಲಿಸಿ ಹೋಗುವವರಿಗೆ

ಮಗಳ ಬಾಣಂತನಕ್ಕೆಂದು ಜಮಖಂಡಿಯಿಂದ ಡಲ್ಲಾಸ್‌ಗೆ ಹೊರಟ ತಾಯಿಯ ದಾರಿ ಹೀಗಿರುತ್ತದೆ: ಕಾರಿನಲ್ಲಿ ಬೆಳಗಾವಿ, ಅಲ್ಲಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ದೋಹಾ, ದೋಹಾದಿಂದ ಡಲ್ಲಾಸ್. ಬೆಂಗಳೂರಿನವರು ಒಮ್ಮೆ ಇಳಿದು ಹತ್ತಿದರೆ ಮುಗಿಯಿತು; ನಮ್ಮ ಕಡೆಯವರಿಗೆ ಯಾವಾಗಲೂ ಒಂದು ಹೆಚ್ಚು. ಕೊನೆಯ ವಿಮಾನದಲ್ಲಿ ಹದಿನಾರು ತಾಸು ಕೂರುವುದು ಕಷ್ಟವೇ. ಆದರೆ ರೊಕ್ಕ ಹೋಗುವುದು, ಗಂಟು ಕಳೆಯುವುದು, ಪರಊರಿನಲ್ಲಿ ದಿಕ್ಕು ತಪ್ಪುವುದು ಕೂತಲ್ಲಿ ಅಲ್ಲ, ಇಳಿದು ಹತ್ತುವಲ್ಲಿ. ಆ ಇಳಿದು ಹತ್ತುವ ಜಾಗಗಳನ್ನು ಟಿಕೆಟ್ ತೆಗೆಯುವಾಗಲೇ ಸರಿಮಾಡಿಕೊಂಡರೆ ಅರ್ಧ ತಾಪತ್ರಯ ಇಲ್ಲ.

ಟಿಕೆಟ್ ಒಂದೋ, ಎರಡೋ?

ದರ ನೋಡುವ ಮೊದಲು ಇದನ್ನು ನೋಡಿ: ಬೆಳಗಾವಿ–ಬೆಂಗಳೂರು ತುಂಡು ಮುಂದಿನ ವಿದೇಶಿ ಟಿಕೆಟ್‌ನ ಒಳಗೇ ಇದೆಯೋ, ಬೇರೆಯೋ? ಒಂದೇ ಟಿಕೆಟ್ ಆಗಿದ್ದರೆ ಸಾಂಬ್ರಾದ ವಿಮಾನ ತಡವಾಗಿ ದೋಹಾ ವಿಮಾನ ತಪ್ಪಿದರೂ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು. ಎರಡು ಬೇರೆ ಟಿಕೆಟ್ ಆಗಿದ್ದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಅದನ್ನು ನೋ-ಶೋ ಎನ್ನುತ್ತಾರೆ. ಟಿಕೆಟ್ ಹಣದ ಬಹುಪಾಲು ಹೋಗುತ್ತದೆ, ಅದೇ ಟಿಕೆಟ್‌ನಲ್ಲಿರುವ ವಾಪಸ್ ಪ್ರಯಾಣವೂ ರದ್ದಾಗುತ್ತದೆ.

ಕೆಲವು ವೆಬ್‌ಸೈಟ್‌ಗಳು ಎರಡು ಬೇರೆ ಟಿಕೆಟ್‌ಗಳನ್ನು ಒಂದೇ ಪ್ರಯಾಣದಂತೆ ತೋರಿಸಿ ಒಂದೇ ಸಲ ಹಣ ಕಟ್ಟಿಸಿಕೊಳ್ಳುತ್ತವೆ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಎಂದಿದ್ದರೆ ಅದು ಎರಡು ಟಿಕೆಟ್ ಎಂದೇ ಅರ್ಥ. ಏಜೆಂಟರ ಹತ್ತಿರ ತೆಗೆಸುವವರು ದುಡ್ಡು ಕೊಡುವ ಮೊದಲು ಮೂರೇ ಪ್ರಶ್ನೆ ಕೇಳಿ. ಬೆಳಗಾವಿಯಿಂದ ಕೊನೆಯ ಊರಿನವರೆಗೆ ಪಿಎನ್‌ಆರ್ ಒಂದೇನಾ? 13 ಅಂಕಿಯ ಇ-ಟಿಕೆಟ್ ನಂಬರ್ ಎಲ್ಲ ವಿಮಾನಕ್ಕೂ ಒಂದೇನಾ? ಸಾಂಬ್ರಾದಲ್ಲಿ ಕೊಟ್ಟ ಬ್ಯಾಗ್ ಎಲ್ಲಿಯವರೆಗೆ ತಾನಾಗಿ ಹೋಗುತ್ತದೆ? ಮೂರನೆಯದಕ್ಕೆ "ಅದನ್ನ ಅಲ್ಲೇ ಕೇಳ್ರಿ" ಎಂಬ ಉತ್ತರ ಬಂದರೆ ಟಿಕೆಟ್ ಎರಡಿರುವ ಸಾಧ್ಯತೆ ಹೆಚ್ಚು.

ಒಂದೇ ಟಿಕೆಟ್‌ನಲ್ಲೂ ಒಂದು ಗುಂಡಿ ಇದೆ, ಅದರಲ್ಲಿ ನಮ್ಮ ಜಿಲ್ಲೆಯವರೇ ಹೆಚ್ಚು ಬೀಳುತ್ತಾರೆ. ಮೊದಲ ತುಂಡು ಬೆಳಗಾವಿಯಿಂದ ಇದ್ದು, 'ಎರಡು ದಿನ ಮೊದಲೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬೀಗರ ಮನೆಯಲ್ಲಿದ್ದು ಅಲ್ಲಿಂದಲೇ ಹತ್ತೋಣ' ಎಂದು ಸಾಂಬ್ರಾದ ವಿಮಾನ ಬಿಟ್ಟರೆ, ಕಂಪ್ಯೂಟರ್ ಮುಂದಿನ ಎಲ್ಲ ತುಂಡುಗಳನ್ನೂ ರದ್ದು ಮಾಡುತ್ತದೆ. ಟಿಕೆಟ್ ಬರೆದ ಕ್ರಮದಲ್ಲೇ ಹಾರಬೇಕು. ಮಳೆ ಮೋಡದಿಂದ ಸಾಂಬ್ರಾದ ವಿಮಾನವೇ ರದ್ದಾದಾಗಲೂ ತಕ್ಷಣ ಟ್ಯಾಕ್ಸಿ ಹತ್ತಬೇಡಿ. ಮೊದಲು ಕೌಂಟರ್ ಅಥವಾ ಕಾಲ್ ಸೆಂಟರ್ ಹಿಡಿದು, 'ಬೆಂಗಳೂರಿನಿಂದ ಹತ್ತುತ್ತೇವೆ, ಮುಂದಿನ ತುಂಡು ಜೀವಂತ ಇಡಿ' ಎಂದು ಹೇಳಿ, ತಿದ್ದಿದ ಟಿಕೆಟ್ ಮೊಬೈಲಿಗೆ ಬಂದ ಮೇಲೆಯೇ ರಸ್ತೆ ಹಿಡಿಯಿರಿ.

ನಡುವೆ ಎಷ್ಟು ತಾಸು ಬಿಡಬೇಕು? ಪ್ರತಿ ವಿಮಾನ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕ ಸಮಯ ಎಂಬುದೊಂದು ಇದೆ, ಟಿಕೆಟ್ ಮಾರುವ ಕಂಪ್ಯೂಟರ್ ಅದನ್ನೇ ಸಾಕೆಂದುಕೊಳ್ಳುತ್ತದೆ. ಮೊಣಕಾಲು ನೋವಿಲ್ಲದ, ಬೋರ್ಡು ಓದಬಲ್ಲ, ವಿಮಾನ ಸಮಯಕ್ಕೆ ಬಂದ ಪ್ರಯಾಣಿಕನ ಲೆಕ್ಕ ಅದು. ಒಂದೇ ಟಿಕೆಟ್ ಇದ್ದರೆ ಬೆಂಗಳೂರಿನಲ್ಲಿ ನಾಲ್ಕು ತಾಸು, ಕೊಲ್ಲಿಯ ಊರುಗಳಲ್ಲಿ ಎರಡೂವರೆಯಿಂದ ಮೂರು, ಅಮೆರಿಕದ ಮೊದಲ ನಿಲ್ದಾಣದಲ್ಲಿ ಮತ್ತೊಂದು ವಿಮಾನ ಇದ್ದರೆ ನಾಲ್ಕು ಇಟ್ಟುಕೊಳ್ಳಿ. ಟಿಕೆಟ್ ಎರಡಿದ್ದರೆ ಬೆಂಗಳೂರಿನಲ್ಲಿ ಎಂಟು ತಾಸಿಗೂ ಕಡಿಮೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಸಾಂಬ್ರಾದಿಂದ ದಿನಕ್ಕೆ ಬೆಂಗಳೂರಿಗಿರುವ ವಿಮಾನಗಳನ್ನು ಬೆರಳ ಮೇಲೆ ಎಣಿಸಬಹುದು. ಒಂದು ತಪ್ಪಿದರೆ ಮುಂದಿನದು ಸಂಜೆಗೋ ಮರುದಿನಕ್ಕೋ. ಡಿಸೆಂಬರ್–ಜನವರಿಯಲ್ಲಿ ದಿಲ್ಲಿಯ ಮೇಲೆ ಹೋಗುವವರು ಮಂಜಿನ ಹೆಸರಿನಲ್ಲಿ ಇನ್ನೆರಡು ತಾಸು ಸೇರಿಸಿ.

ತಾರೀಖಿನ ವಿಷಯದಲ್ಲಿ ಓದಿದವರೂ ಎಡವುತ್ತಾರೆ. ವಿದೇಶಿ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ನಂತರ ಏಳುತ್ತವೆ. ಟಿಕೆಟ್ ಮೇಲೆ '15ನೇ ತಾರೀಖು, 00:40' ಎಂದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದ್ದು 14ರ ರಾತ್ರಿ ಒಂಬತ್ತಕ್ಕೆ. ಅಂದರೆ ಬೆಳಗಾವಿ ಬಿಡಬೇಕಾದ್ದು 14ರ ಮಧ್ಯಾಹ್ನಕ್ಕಿಂತ ಮೊದಲು. 15ರ ರಾತ್ರಿ ಹೋಗಿ ನಿಂತವರಿಗೆ ಯಾವ ಕಂಪನಿಯೂ ಕರುಣೆ ತೋರುವುದಿಲ್ಲ. ಟಿಕೆಟ್‌ನಲ್ಲಿರುವ ಎಲ್ಲ ವೇಳೆಯೂ ಆಯಾ ಊರಿನ ಗಡಿಯಾರದ್ದು. ತಲುಪುವ ವೇಳೆಯ ಪಕ್ಕದಲ್ಲಿ +1 ಇದ್ದರೆ ಮರುದಿನ.

ಎಲ್ಲಿಂದ ಹತ್ತುವುದು?

ಬೆಳಗಾವಿ ನಗರದವರಿಗೆ ಸಾಂಬ್ರಾ ಹತ್ತು ಕಿಲೋಮೀಟರ್, ಯೋಚಿಸುವಂಥದ್ದಿಲ್ಲ. ಬಾಗಲಕೋಟೆಯವರಿಗೆ ಹುಬ್ಬಳ್ಳಿ ಮೂರು ತಾಸಿನೊಳಗೆ ಸಿಗುತ್ತದೆ, ಬೆಳಗಾವಿಯೂ ಹೆಚ್ಚು ಕಡಿಮೆ ಅಷ್ಟೇ. ಯಾವುದರ ವೇಳೆ ಮುಂದಿನ ವಿಮಾನಕ್ಕೆ ಹೊಂದುತ್ತದೋ ಅದು. ವಿಜಯಪುರದವರಿಗೆ ಎರಡೂ ನಾಲ್ಕು ತಾಸಿನ ದಾರಿ. ನಾಲ್ಕು ತಾಸು ಕಾರು, ಎರಡು ತಾಸು ಕಾಯುವುದು, ಒಂದೂವರೆ ತಾಸು ಹಾರುವುದು ಎಂದು ಕೂಡಿಸಿ ನೋಡಿದರೆ, ಹಿಂದಿನ ರಾತ್ರಿಯ ಸ್ಲೀಪರ್ ಬಸ್ಸೋ ರೈಲೋ ಅದಕ್ಕೆ ಸೋಲುವುದಿಲ್ಲ. ಹೈದರಾಬಾದೂ ವಿಜಯಪುರಕ್ಕೆ ದೂರವಲ್ಲ, ಸುಮಾರು 380 ಕಿಲೋಮೀಟರ್. ಅಲ್ಲಿ ದೇಶದೊಳಗಿನ, ಹೊರಗಿನ ವಿಮಾನ ಎರಡಕ್ಕೂ ಟರ್ಮಿನಲ್ ಒಂದೇ, ಅಲೆದಾಟವಿಲ್ಲ.

ಬಸ್ಸು-ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗಿ ಹಿಂದಕ್ಕೆ ಬರುವುದೇಕೆ? ತುಮಕೂರು ರಸ್ತೆಯಿಂದ ಬರುವ ಬಸ್ಸುಗಳಿಂದ ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ, ರೈಲಾದರೆ ಯಶವಂತಪುರದಲ್ಲಿ ಇಳಿದು ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣದ ದಾರಿ ಹಿಡಿಯಬಹುದು. ಬೆಳಗಿನ ಎಂಟರ ನಂತರ ಹೆಬ್ಬಾಳದ ಮೇಲ್ಸೇತುವೆಯ ಬಳಿ ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಗೋವಾದಿಂದ ಹೋಗುವವರಿಗೆ ಒಂದು ಎಚ್ಚರಿಕೆ. 2023ರ ಜನವರಿಯಿಂದ ಅಲ್ಲಿ ನಿಲ್ದಾಣಗಳು ಎರಡು: ದಕ್ಷಿಣಕ್ಕೆ ವಾಸ್ಕೋ ಹತ್ತಿರದ ದಾಬೋಲಿಂ, ಉತ್ತರಕ್ಕೆ ಪೆಡ್ನೆ ತಾಲ್ಲೂಕಿನ ಮೋಪಾ. ಟಿಕೆಟ್ ಮೇಲಿನ ಮೂರಕ್ಷರ ನೋಡಿ. ಜಿಓಐ ಎಂದರೆ ದಾಬೋಲಿಂ, ಜಿಓಎಕ್ಸ್ ಎಂದರೆ ಮೋಪಾ. ಡ್ರೈವರ್‌ಗೆ ಬರೀ 'ಗೋವಾ ಏರ್‌ಪೋರ್ಟ್' ಎಂದು ಹೇಳಿ ನಿದ್ದೆ ಹೋಗಬೇಡಿ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಮಣ್ಣು ಕುಸಿದರೆ ಮೂರು ತಾಸಿನ ದಾರಿ ಆರಾಗುತ್ತದೆ.

ಬೆಂಗಳೂರಿನಲ್ಲಿ ಇಳಿದ ಮೇಲೆ ಟರ್ಮಿನಲ್ ಬದಲಾಗಬಹುದು. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೋಗುತ್ತವೆ. ನಮ್ಮ ಕಡೆಯಿಂದ ಇಂಡಿಗೋದಲ್ಲಿ ಬಂದರೆ ಇಳಿಯುವುದು ಟರ್ಮಿನಲ್ 1ರಲ್ಲಿ, ಸ್ಟಾರ್ ಏರ್ ಆದರೆ 2ರಲ್ಲಿ. ಎರಡರ ನಡುವೆ ಪುಕ್ಕಟೆ ಬಸ್ಸು ಓಡುತ್ತದೆ. ಹೊರಬಂದು, ಬಸ್ಸು ಹಿಡಿದು, ಮತ್ತೆ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಒಳಹೋಗುವಷ್ಟರಲ್ಲಿ ಮುಕ್ಕಾಲು ತಾಸು ಹೋಗುತ್ತದೆ. ಮುಂಬೈ ಇದಕ್ಕಿಂತ ಕಷ್ಟ. ಅಲ್ಲಿ ಟರ್ಮಿನಲ್ 1 ಮತ್ತು 2ರ ನಡುವೆ ಊರಿನ ರಸ್ತೆಯೇ ಇದೆ, ಅದರ ಟ್ರಾಫಿಕ್ಕೂ ನಿಮ್ಮದೇ.

ನಡುವಿನ ದೇಶದ ವೀಸಾ

'ನಾವೇನು ಅಲ್ಲಿ ಇಳಿಯೋದಿಲ್ಲಲ್ಲ, ವೀಸಾ ಯಾಕ?' ಎಂಬ ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಾತ್ರ ದೇಶಕ್ಕೊಂದು ಥರ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕೇ ಬೇಕು, ಏಕೆಂದರೆ ಅಲ್ಲಿ ಒಳಗೇ ಉಳಿದು ಬದಲಿಸುವ ವ್ಯವಸ್ಥೆಯೇ ಇಲ್ಲ. ಬ್ರಿಟನ್ನಿನಲ್ಲಿ ಭಾರತದ ಪಾಸ್‌ಪೋರ್ಟ್‌ನವರಿಗೆ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಇದೆ. ದುಬೈ, ಅಬುಧಾಬಿ, ದೋಹಾದಲ್ಲಿ ಒಂದೇ ಟಿಕೆಟ್ ಹಿಡಿದು ನಿಲ್ದಾಣದೊಳಗೇ ಬದಲಿಸಿದರೆ ಯಾರೂ ಕೇಳುವುದಿಲ್ಲ. ಟಿಕೆಟ್ ಎರಡಿದ್ದು ಬ್ಯಾಗ್ ಹೊರಗೆ ತೆಗೆದುಕೊಂಡು ಮತ್ತೆ ಕೊಡಬೇಕಾದರೆ ಆ ದೇಶದ ಒಳಗೆ ಕಾಲಿಟ್ಟಂತೆ, ಅಲ್ಲಿಯ ಪ್ರವೇಶ ನಿಯಮ ಲಾಗೂ ಆಗುತ್ತದೆ. ಅಗ್ಗದ ಎರಡು ಟಿಕೆಟ್ ಸಿಕ್ಕಿಬೀಳುವುದು ಇಲ್ಲೇ. ಒಂದೇ ಊರಲ್ಲಿ ನಿಲ್ದಾಣ ಬದಲಾಗುವ ಟಿಕೆಟ್‌ಗಳೂ ಹಾಗೆಯೇ: ಲಂಡನ್ನಿನಲ್ಲಿ ಹೀಥ್ರೂಗೆ ಇಳಿದು ಗ್ಯಾಟ್‌ವಿಕ್‌ನಲ್ಲಿ ಹತ್ತುವುದು, ನ್ಯೂಯಾರ್ಕಿನಲ್ಲಿ ಜೆಎಫ್‌ಕೆಗೆ ಇಳಿದು ನೆವಾರ್ಕ್‌ನಲ್ಲಿ ಹತ್ತುವುದು.

ಕೌಂಟರಿನವರು ಟೈಮ್ಯಾಟಿಕ್ ಎಂಬ ಕಂಪ್ಯೂಟರ್ ಪಟ್ಟಿ ನೋಡಿ 'ಹೌದು', 'ಇಲ್ಲ' ಎನ್ನುತ್ತಾರೆ. ಅದೇ ಪಟ್ಟಿಯನ್ನು ಹಲವು ವಿಮಾನ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೂ ತೆರೆದಿಟ್ಟಿವೆ. ಟಿಕೆಟ್ ತೆಗೆಯುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಈ ನಿಯಮಗಳು ಕೂತಲ್ಲಿ ಕೂರುವುದಿಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳಾದರೂ ಆಯುಷ್ಯ ಉಳಿದಿರಲಿ. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದು ಒಂದೇ ಹೆಸರಿರುವವರನ್ನು 2022ರ ನವೆಂಬರ್‌ನಿಂದ ಯುಎಇ ಭೇಟಿ ವೀಸಾದ ಮೇಲೆ ಒಳಬಿಡುತ್ತಿಲ್ಲ. ಅಂಥವರು ಟಿಕೆಟ್‌ಗೆ ಮೊದಲು ಪಾಸ್‌ಪೋರ್ಟ್ ತಿದ್ದಿಸುವುದು ಒಳ್ಳೆಯದು.

ಗಂಟು, ಚೀಲ, ಕರದಂಟು

ಅಮೆರಿಕದ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ 23 ಕಿಲೋದ ಎರಡು ಬ್ಯಾಗ್ ಬಿಡುತ್ತಾರೆ. ಸಾಂಬ್ರಾದ ತುಂಡು ಅದೇ ಟಿಕೆಟ್‌ನಲ್ಲಿದ್ದರೆ ಆ 46 ಕಿಲೋ ಇಲ್ಲೂ ನಡೆಯುತ್ತದೆ. ಬೇರೆ ಟಿಕೆಟ್ ಆದರೆ ಇಲ್ಲಿ ನಿಮಗೆ 15 ಕಿಲೋ, ಕೈಚೀಲ 7 ಕಿಲೋ. ಉಳಿದ 31 ಕಿಲೋಗೆ ಕಿಲೋ ಲೆಕ್ಕದಲ್ಲಿ ನೂರಾರು ರೂಪಾಯಿ ತೆತ್ತರೆ ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲಿಗೇ ಹೋಯಿತು. ಮುಂದಿನ ವಿದೇಶಿ ಟಿಕೆಟ್ ತೋರಿಸಿದರೆ ಹೆಚ್ಚು ತೂಕ ಬಿಡುವ ಕಂಪನಿಗಳೂ ಉಂಟು. ಕೌಂಟರಿನಲ್ಲಿ ವಾದ ಮಾಡುವುದಕ್ಕಿಂತ ಮೊದಲೇ ಫೋನ್ ಮಾಡಿ ಕೇಳಿ. ಇಲ್ಲವಾದರೆ ಹೆಚ್ಚುವರಿ ತೂಕವನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಕೊಂಡುಕೊಳ್ಳಿ, ಕೌಂಟರಿಗಿಂತ ಅಗ್ಗ. ಒಂದೇ ಬ್ಯಾಗಿನಲ್ಲಿ 32 ಕಿಲೋ ದಾಟಿದರೆ ಹಣ ಕೊಟ್ಟರೂ ಎತ್ತುವುದಿಲ್ಲ. ಮನೆಯಲ್ಲಿ ಕೊಕ್ಕೆ ತಕ್ಕಡಿಯಿಂದ ತೂಗಿ 22ಕ್ಕೇ ನಿಲ್ಲಿಸಿ.

ಸಾಂಬ್ರಾ, ಹುಬ್ಬಳ್ಳಿಗೆ ಬರುವ ಎಟಿಆರ್, ಎಂಬ್ರೇಯರ್‌ನಂಥ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಗೂಡೂ ಸಣ್ಣದು. ಚಕ್ರದ ಕೈಚೀಲ ಒಳಗೆ ಹಿಡಿಯದೆ ಮೆಟ್ಟಿಲ ಬಳಿಯೇ ತೆಗೆದುಕೊಂಡು ವಿಮಾನದ ಹೊಟ್ಟೆಗೆ, ಅಂದರೆ ಕೆಳಗಿನ ಸಾಮಾನಿನ ಜಾಗಕ್ಕೆ, ಹಾಕುತ್ತಾರೆ. ಆ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್, ಗುಳಿಗೆ, ಬಂಗಾರ, ಪವರ್ ಬ್ಯಾಂಕ್ ಎಲ್ಲ ಅದರ ಜೊತೆಗೇ ಹೋಗಿಬಿಡುತ್ತವೆ. ಇವೆಲ್ಲ ಹೆಗಲ ಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಹೊಟ್ಟೆಗೆ ಹಾಕುವಂತೆಯೇ ಇಲ್ಲ. ಅದರ ಮೇಲೆ ಸಾಮರ್ಥ್ಯ ಬರೆದಿರುತ್ತದೆ: 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ನಡೆಯುತ್ತದೆ. ಬರಹ ಅಳಿಸಿಹೋಗಿದ್ದರೆ ಕಿತ್ತುಕೊಳ್ಳಬಹುದು. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಎಂದಿದೆ, ಅದನ್ನೂ ವಿಮಾನದಲ್ಲಿ ಬಳಸುವಂತಿಲ್ಲ.

ಈಗ ಬುತ್ತಿಯ ವಿಚಾರ. ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಒಣ ಕೊಬ್ಬರಿ ಬಟ್ಟಲು ಬೇಡವೇ ಬೇಡ. ಎಣ್ಣೆಯಂಶ ಹೆಚ್ಚಿದ್ದು ಬೇಗ ಹೊತ್ತಿಕೊಳ್ಳುವ ವಸ್ತು ಎಂದು 2022ರ ಮಾರ್ಚ್‌ನಲ್ಲಿ ಅದನ್ನು ಚೆಕ್-ಇನ್ ಲಗೇಜಿನ ನಿಷೇಧ ಪಟ್ಟಿಗೆ ಸೇರಿಸಿದ್ದಾರೆ. ಬೆಂಗಳೂರಿನಲ್ಲಿ ಸ್ಕ್ಯಾನರ್ ಹಿಡಿದು ಬ್ಯಾಗ್ ಪಕ್ಕಕ್ಕೆ ಇಟ್ಟರೆ ನಿಮ್ಮನ್ನು ಕರೆಸಿ ತೆಗೆಸುವುದರಲ್ಲೇ ಅರ್ಧ ತಾಸು ಹೋಗುತ್ತದೆ; ನೀವು ಸಿಗದಿದ್ದರೆ ಬ್ಯಾಗ್ ಹಿಂದೆ ಉಳಿಯುತ್ತದೆ.

ಗಸಗಸೆ ಇನ್ನೂ ಅಪಾಯದ್ದು. ಯುಎಇ, ಸೌದಿ, ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ದಂಡದಲ್ಲಿ ಮುಗಿಯದೆ ಜೈಲಿಗೂ ಹೋಗಬೇಕಾಗಬಹುದು. ಡಬ್ಬಿಯಲ್ಲಿ ಗಸಗಸೆ ಒಯ್ಯುವವರು ಕಡಿಮೆ, ನಿಜ. ಆದರೆ ಕರದಂಟು, ಅಂಟಿನ ಉಂಡಿಗಳಿಗೆ ಗಸಗಸೆ ಹಾಕುವ ರೂಢಿ ಇದೆ. ಅಮೀನಗಡದ್ದಿರಲಿ, ಗೋಕಾಕದ್ದಿರಲಿ, ಕೊಲ್ಲಿಯ ದಾರಿಯಲ್ಲಿ ಹೋಗುವವರು ಪೊಟ್ಟಣದ ಹಿಂದಿನ ಪಟ್ಟಿ ಓದಿಯೇ ಕೊಳ್ಳಿ. ಮನೆಯಲ್ಲಿ ಮಾಡುವುದಾದರೆ ಗಸಗಸೆ ಬಿಟ್ಟು ಮಾಡಿ. ಬಾಣಂತಿಗೆಂದು ಕಟ್ಟಿದ ಉಂಡಿಯಲ್ಲಂತೂ ಇದು ಸುಲಭವಾಗಿ ನುಸುಳುತ್ತದೆ.

ಬೆಳಗಾವಿ ಕುಂದಾವನ್ನು ಯುರೋಪಿಗೆ, ಬ್ರಿಟನ್ನಿಗೆ ಹೋಗುವವರು ಬಿಟ್ಟು ಹೋಗುವುದು ಲೇಸು. ಹೊರದೇಶದ ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ಅಲ್ಲಿ ನಿರ್ಬಂಧ ಇದೆ, ಕುಂದಾ ಎಂದರೆ ಬಹುಪಾಲು ಖೋವಾ. ಹಸಿ ಕರಿಬೇವು, ಲಿಂಬೆ, ಮಾವು ಅಮೆರಿಕದಲ್ಲಿ ಕಸದ ಬುಟ್ಟಿಗೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಸಾಲಿ ಖಾರ ಇವೆಲ್ಲ ಚೆಕ್-ಇನ್ ಬ್ಯಾಗಿನಲ್ಲಿ. ಖಾರದ ಪುಡಿಯನ್ನು ನಮ್ಮ ನಿಲ್ದಾಣಗಳಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್‌ಗಿಂತ ಹೆಚ್ಚಿನ ಯಾವ ಪುಡಿಗೂ ಬೇರೆ ತಪಾಸಣೆ. ತುಪ್ಪ, ಉಪ್ಪಿನಕಾಯಿ, ಎಣ್ಣೆ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ದಾಟುವುದಿಲ್ಲ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಬೇಡ; ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ಹಾಳೆ ಹಾಕಿ ಮುಚ್ಚಿ, ಎರಡು ಚೀಲದಲ್ಲಿ ಸುತ್ತಿ, ಬಟ್ಟೆಯ ನಡುವೆ ನಿಲ್ಲಿಸಿ. ವಿಮಾನದ ಹೊಟ್ಟೆಯೊಳಗಿನ ಗಾಳಿಯ ಒತ್ತಡ ಇಳಿದಾಗ ತುಂಬಿದ ಡಬ್ಬಿಯಿಂದ ಎಣ್ಣೆ ಹೊರಬರುತ್ತದೆ, ಮೇಲೆ ಒಂದು ಬೆರಳು ಜಾಗ ಖಾಲಿ ಬಿಡಿ.

ಯಾವ ತಕರಾರೂ ಇಲ್ಲದೆ ಹೋಗುವುದು ಕಟಕ್ ರೊಟ್ಟಿ ಮತ್ತು ಶೇಂಗಾ ಹೋಳಿಗೆ. ರೊಟ್ಟಿ ಒಡೆಯದಂತೆ ಸ್ಟೀಲ್ ಡಬ್ಬಿಗಿಂತ ಗಟ್ಟಿ ರಟ್ಟಿನ ಪೆಟ್ಟಿಗೆ ವಾಸಿ, ತೂಕ ಉಳಿಯುತ್ತದೆ. ಅಮೆರಿಕದ ಕಸ್ಟಮ್ಸ್‌ನಲ್ಲಿ 'ತಿನಿಸು ಇದೆಯೇ?' ಎಂದರೆ 'ಇದೆ' ಎನ್ನಿ, ಪಟ್ಟಿ ಹೇಳಿ. ಹೇಳಿದ್ದನ್ನು ಹೆಚ್ಚೆಂದರೆ ಎಸೆಯುತ್ತಾರೆ. ಹೇಳದೆ ಸಿಕ್ಕರೆ ದಂಡ.

ಬ್ಯಾಗ್ ಕೊಟ್ಟ ಮೇಲೆ ಚೀಟಿಯಲ್ಲಿ ಕೊನೆಯ ಊರಿನ ಮೂರಕ್ಷರ ಇದೆಯೇ ನೋಡಿ. ಡಲ್ಲಾಸ್ ಎಂದರೆ ಡಿಎಫ್‌ಡಬ್ಲ್ಯು. ಬರೀ ಬಿಎಲ್‌ಆರ್ ಎಂದಿದ್ದರೆ ಬ್ಯಾಗ್ ಬೆಂಗಳೂರಿನಲ್ಲಿ ಇಳಿದು ನಿಮಗಾಗಿ ಬೆಲ್ಟಿನ ಮೇಲೆ ಸುತ್ತುತ್ತಿರುತ್ತದೆ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಹಳೆಯ ಪ್ರಯಾಣದ ಚೀಟಿಗಳನ್ನು ಕಿತ್ತುಹಾಕಿ, ಬ್ಯಾಗಿನ ಒಳಗೂ ಹೆಸರು-ಫೋನ್ ಬರೆದ ಕಾಗದ ಇಡಿ, ಮುಚ್ಚುವ ಮೊದಲು ಒಳಗೆ-ಹೊರಗೆ ಒಂದೊಂದು ಫೋಟೊ ತೆಗೆಯಿರಿ. ಇಬ್ಬರು ಹೊರಟಿದ್ದರೆ ಇಬ್ಬರ ಬಟ್ಟೆಯನ್ನೂ ಎರಡೂ ಬ್ಯಾಗಿಗೆ ಹಂಚಿ.

ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಕೊಡಬೇಕು, ಚೀಟಿಯಲ್ಲಿ ಕೊನೆಯ ಊರು ಬರೆದಿದ್ದರೂ ಸರಿಯೇ. ಹೊರಬಂದ ಕೂಡಲೇ ಎಡ-ಬಲಕ್ಕೆ ಬೆಲ್ಟ್ ಇರುತ್ತದೆ, ಅಲ್ಲಿ ಹಾಕಿದರೆ ಆಯಿತು. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಗಳನ್ನು ಆ ಹೊತ್ತಿಗೆ ಬ್ಯಾಗಿನೊಳಗೆ ಸೇರಿಸಿ. ಮುಂದಿನ ತಪಾಸಣೆಯಲ್ಲಿ ಕೈಯಲ್ಲಿದ್ದರೆ ಹೋಗುತ್ತವೆ. ಅಬುಧಾಬಿಯ ಮೇಲೆ ಹೋಗುವವರಿಗೆ ಈ ಕೆಲಸ ಕಡಿಮೆ. ಅಲ್ಲೇ ಅಮೆರಿಕದ ವಲಸೆ ತಪಾಸಣೆ ಮುಗಿಯುತ್ತದೆ, ಇಳಿದ ಮೇಲೆ ಒಳನಾಡ ಪ್ರಯಾಣಿಕರ ಹಾಗೆ ನಡೆದು ಹೋಗಬಹುದು. ಆದರೆ ಆ ಸಾಲಿಗೆಂದು ಅಬುಧಾಬಿಯಲ್ಲಿ ಮೂರು ತಾಸು ಬೇಕು.

ಹಿರಿಯರು ಒಬ್ಬರೇ ಹೊರಟರೆ

ನಡೆಯಬಲ್ಲೆ ಎನ್ನುವ ಅವ್ವನಿಗೂ ವೀಲ್‌ಚೇರ್ ಹಾಕಿಸಿ. ದೋಹಾದಂಥ ನಿಲ್ದಾಣದಲ್ಲಿ ಗೇಟಿನಿಂದ ಗೇಟಿಗೆ ಅರ್ಧ ತಾಸಿನ ನಡಿಗೆ ಇರಬಹುದು, ಭಾಷೆಯ ತೊಡಕೂ ತಪ್ಪುತ್ತದೆ. ಹೊರಡುವ 48 ತಾಸು ಮೊದಲು ಹೇಳಬೇಕು, ಸರಿಯಾದ ಬಗೆಯನ್ನು ಹೇಳಬೇಕು. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲೂ ಆಗದು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೆ ಒಯ್ಯಬೇಕು. ಸಣ್ಣ ವಿಮಾನಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಮೊಣಕಾಲು ನೋವಿನವರಿಗೆ ಮೊದಲ ಬಗೆ ಹಾಕಿಸಿದರೆ ಸಾಂಬ್ರಾದ ಮೆಟ್ಟಿಲ ಬುಡದಲ್ಲೇ ನಿಲ್ಲಬೇಕಾಗುತ್ತದೆ. ಕುರ್ಚಿ ಎಲ್ಲ ತುಂಡುಗಳಿಗೂ ದಾಖಲಾಗಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಕುರ್ಚಿಯವರು ಒಂದು ಕಡೆ ಕೂರಿಸಿ ಹೋದರೆ ಅಲ್ಲಿಂದ ಏಳದಿರಲು ಹೇಳಿ.

ಊಟದ ಸಂಕೇತದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಪಟ್ಟಿಯಲ್ಲಿ 'ಹಿಂದೂ ಮೀಲ್' ಎಂದು ಕಂಡ ಕೂಡಲೇ ಸಸ್ಯಾಹಾರಿಗಳು ಅದನ್ನೇ ಒತ್ತುತ್ತಾರೆ. ಎಚ್‌ಎನ್‌ಎಂಎಲ್ ಎಂಬ ಆ ಊಟದಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ. ಕೋಳಿ, ಕುರಿ, ಮೀನು ಇರುತ್ತದೆ. ಸಸ್ಯಾಹಾರಿಗಳಿಗೆ ಬೇಕಾದ್ದು ಎವಿಎಂಎಲ್, ಏಷ್ಯನ್ ವೆಜಿಟೇರಿಯನ್. ಉಳ್ಳಾಗಡ್ಡಿ-ಬಳ್ಳೊಳ್ಳಿ ತಿನ್ನದವರಿಗೆ ವಿಜೆಎಂಎಲ್, ಜೈನ ಊಟ. ವಿಎಲ್‌ಎಂಎಲ್‌ನಲ್ಲಿ ಮೊಟ್ಟೆ ಬರಬಹುದು. ಮರುಬುಕಿಂಗ್ ಆದಾಗ ಈ ಬೇಡಿಕೆ ಹೊಸ ವಿಮಾನಕ್ಕೆ ಹೋಗುವುದು ಖಾತ್ರಿಯಿಲ್ಲ. ಎರಡು ಹೊತ್ತಿನ ರೊಟ್ಟಿ-ಹೋಳಿಗೆ ಹೆಗಲ ಚೀಲದಲ್ಲಿರಲಿ, ಇಳಿಯುವ ಮೊದಲು ತಿಂದು ಮುಗಿಸಲಿ.

ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳು ಹಾಳೆಯಿಂದ ಬಿಡಿಸದೆ ಹಾಗೇ ಇರಲಿ. ಜೊತೆಗೆ ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ. ಇನ್ಸುಲಿನ್ ಕೈಚೀಲದಲ್ಲೇ, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಟ್ರಮಡಾಲ್, ಕೊಡೀನ್ ಇರುವ ನೋವಿನ-ಕೆಮ್ಮಿನ ಔಷಧಗಳಿಗೆ ಯುಎಇಯಲ್ಲಿ ಕಟ್ಟುನಿಟ್ಟಿನ ಹತೋಟಿ ಇದೆ. ಎರಡು ತಾಸಿಗೊಮ್ಮೆ ಎದ್ದು ಓಡಾಡಲಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಅದೇ ಮದ್ದು. ಒಂದು ಹಾಳೆಯ ಮೇಲೆ ಇಂಗ್ಲಿಷ್‌ನಲ್ಲಿ ಹೋಗುವ ವಿಳಾಸ, ಮಕ್ಕಳ ಫೋನ್, ವಿಮಾನಗಳ ಸಂಖ್ಯೆ, ವಾಪಸ್ ತಾರೀಖು, ಕನ್ನಡ ಮಾತ್ರ ಬರುತ್ತದೆ ಎಂಬ ಸಾಲು ಬರೆದು ಪಾಸ್‌ಪೋರ್ಟ್ ಒಳಗಿಡಿ. ಫೋನಿನ ಚಾರ್ಜು ಮುಗಿದಾಗ ಕಾಗದವೇ ಗತಿ.

ವಿಮಾನ ತಪ್ಪಿದರೆ

ತಡವಾಗುವುದು ಕಂಡರೆ ಇಳಿಯುವ ಮೊದಲೇ ವಿಮಾನದ ಸಿಬ್ಬಂದಿಗೆ ಹೇಳಿ, ಬೇಗ ಇಳಿಯಲು ಮುಂದೆ ಕೂರಿಸಬಹುದು. ತಪ್ಪಿದ್ದು ಖಾತ್ರಿಯಾದರೆ ವಲಸೆ ಕೌಂಟರ್ ದಾಟಿ ಹೊರಹೋಗಬೇಡಿ; 'ಟ್ರಾನ್ಸ್‌ಫರ್ಸ್' ಎಂದು ಬರೆದ ಕೌಂಟರಿಗೆ ಹೋಗಿ. ಸಾಲಿನಲ್ಲಿ ನಿಂತುಕೊಂಡೇ ಆ್ಯಪ್ ತೆರೆಯಿರಿ. ಎಷ್ಟೋ ಸಲ ಹೊಸ ವಿಮಾನದ ಟಿಕೆಟ್ ಆಗಲೇ ಅಲ್ಲಿ ಬಂದಿರುತ್ತದೆ. ಕೌಂಟರಿನಲ್ಲಿ ನಾಲ್ಕು ಕೇಳಿ ಪಡೆಯಿರಿ: ಎಲ್ಲ ತುಂಡುಗಳ ಹೊಸ ಬೋರ್ಡಿಂಗ್ ಪಾಸ್, ಊಟದ ಕೂಪನ್, ರಾತ್ರಿಯಾದರೆ ಹೋಟೆಲ್, ಬ್ಯಾಗ್ ಈಗ ಎಲ್ಲಿದೆ ಎಂಬ ಉತ್ತರ. ತಡವಾದ ಕಾರಣ ಬರೆದ ಪತ್ರವನ್ನೂ ಕೇಳಿ. ಪ್ರಯಾಣ ವಿಮೆಯವರು ಅದಿಲ್ಲದೆ ಹಣ ಕೊಡುವುದಿಲ್ಲ. ಹಳೆಯ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಯುರೋಪಿನ ನಿಲ್ದಾಣದಿಂದ ಹೊರಟ ಒಂದೇ ಟಿಕೆಟ್ ಆಗಿದ್ದು, ಕಂಪನಿಯ ತಪ್ಪಿನಿಂದ ಕೊನೆಯ ಊರನ್ನು ನಾಲ್ಕು ತಾಸಿಗಿಂತ ತಡವಾಗಿ ಮುಟ್ಟಿದರೆ, 3,500 ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ 600 ಯೂರೋ ಪರಿಹಾರ ಕೇಳಬಹುದು. ಆಮ್‌ಸ್ಟರ್‌ಡ್ಯಾಮಿನಿಂದ ಮುಂಬೈ ಮೇಲೆ ಬೆಳಗಾವಿಗೆ ಒಂದೇ ಟಿಕೆಟ್ ಇದ್ದರೆ ಲೆಕ್ಕಕ್ಕೆ ಬರುವುದು ಬೆಳಗಾವಿ ಮುಟ್ಟಿದ ವೇಳೆ. ಹವಾಮಾನ ಕಾರಣವಾದರೆ ಈ ಹಣ ಇಲ್ಲ. ಊಟ-ವಸತಿ ಮಾತ್ರ ಕೊಡಲೇಬೇಕು.

ವಾಪಸ್ ಬರುವಾಗ

ಭಾರತದಲ್ಲಿ ಮೊದಲು ಇಳಿದಲ್ಲೇ ಸಾಮಾನ್ಯವಾಗಿ ವಲಸೆ ತಪಾಸಣೆ, ಬ್ಯಾಗ್, ಕಸ್ಟಮ್ಸ್ ಎಲ್ಲ ಮುಗಿಸಿ, ಬೆಳಗಾವಿಯ ವಿಮಾನಕ್ಕೆ ಬ್ಯಾಗ್ ಮತ್ತೆ ಕೊಡಬೇಕು. ಬೆಂಗಳೂರಿನಲ್ಲಿ ಟರ್ಮಿನಲ್ 2ರಿಂದ 1ಕ್ಕೆ ಮತ್ತದೇ ಬಸ್ಸು. ನಾಲ್ಕು ತಾಸು ಬಿಡಿ. ಆಗಾಗ ಓಡಾಡುವವರು ಎಫ್‌ಟಿಐ-ಟಿಟಿಪಿ ಎಂಬ ಸರ್ಕಾರಿ ಯೋಜನೆಗೆ ನೋಂದಾಯಿಸಿಕೊಂಡರೆ ವಲಸೆ ಸಾಲು ತಪ್ಪುತ್ತದೆ. 2024ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಶುರುವಾದ ಅದು 2025ರ ಜನವರಿಯಿಂದ ಬೆಂಗಳೂರು, ಮುಂಬೈ, ಹೈದರಾಬಾದಿನಲ್ಲೂ ಇದೆ.

ಬ್ಯಾಗ್ ಬರದಿದ್ದರೆ ಬೆಲ್ಟ್ ಇರುವ ಕೋಣೆ ಬಿಟ್ಟು ಹೊರಗೆ ಬರಬೇಡಿ. ಕೊನೆಗೆ ಕರೆತಂದ ಕಂಪನಿಯ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ, ಐದು ಅಕ್ಷರ-ಐದು ಅಂಕಿಯ ಸಂಖ್ಯೆ ಪಡೆಯಿರಿ. ಅದರಿಂದ ಬ್ಯಾಗ್ ಎಲ್ಲಿದೆ ಎಂದು ಆನ್‌ಲೈನ್‌ನಲ್ಲಿ ನೋಡಬಹುದು. ಬ್ಯಾಗ್ ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಬಂದ ದಿನದಿಂದ 21 ದಿನದೊಳಗೆ ಬರಹದಲ್ಲಿ ಹಕ್ಕು ಕೇಳಬೇಕು. 21 ದಿನವಾದರೂ ಸಿಗದಿದ್ದರೆ ಕಳೆದಂತೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನದಲ್ಲಿ 1,519 ಎಸ್‌ಡಿಆರ್. ಒಂದು ಎಸ್‌ಡಿಆರ್ ಸುಮಾರು 1.3ರಿಂದ 1.4 ಡಾಲರ್. ಅದು ಮೇಲ್ಮಿತಿ ಮಾತ್ರ. ಬ್ಯಾಗಿನಲ್ಲಿ ಏನಿತ್ತು ಎಂದು ತೋರಿಸಲು ಆ ಫೋಟೊಗಳು, ತಾತ್ಕಾಲಿಕವಾಗಿ ಕೊಂಡ ಬಟ್ಟೆ-ಬ್ರಶ್ಶಿನ ಬಿಲ್ಲುಗಳು ಬೇಕು.

ನಡುರಾತ್ರಿ ಬೆಂಗಳೂರಿನಲ್ಲಿ ಇಳಿದವರಿಗೆ ಬೆಳಗಿನ ವಿಮಾನ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಸಾಂಬ್ರಾದ ಮೇಲೆ ಮೋಡ ಕವಿದು ವಿಮಾನ ಹುಬ್ಬಳ್ಳಿಗೋ ಹೈದರಾಬಾದಿಗೋ ತಿರುಗುವ ದಿನಗಳೂ ಇವೆ. ಅಂಥ ತಿಂಗಳಲ್ಲಿ ಕರೆತರಲು ಹೋಗುವ ಕಾರಿನವರು ಬೆಳಗಾವಿ ವಿಮಾನ ಬೆಂಗಳೂರಿನಿಂದ ಎದ್ದ ಮೇಲೆಯೇ ಜಮಖಂಡಿ ಬಿಡುವುದು ವಾಸಿ ಎನ್ನುತ್ತಾರೆ. ಅದು ಹಾರಿ ಬರುವುದಕ್ಕೆ ಒಂದೂವರೆ ತಾಸೂ ಬೇಕಿಲ್ಲ, ರಸ್ತೆಗೆ ಮೂರು ತಾಸು. ಬಂದವರು ಸಾಂಬ್ರಾದಲ್ಲಿ ಚಹಾ ಕುಡಿದು ಒಂದೆರಡು ತಾಸು ಕೂರುವುದು, ಹುಬ್ಬಳ್ಳಿಯಲ್ಲಿ ಇಳಿದವರನ್ನು ಕಾರು ಬೆಳಗಾವಿಯಲ್ಲಿ ಕಾಯುವುದಕ್ಕಿಂತ ಮೇಲು.